ಓಣಿಯಲ್ಲಿ ಹಾದುಹೋಗುವ ನನ್ನ ದನಿ

ಇಳಕಲ್ಲ
೧೮ ನವೆಂಬರ್ ೨೦೨೪

ಚಿರಂಜೀವಿ ಕಸ್ತೂರಿಗೆ ನಿನ್ನ ಮಾಮಾನ ಆಶೀರ್ವಾದ.

ಬಾಗಲಕೋಟೆಯ ದವಾಖಾನೆಯಲ್ಲಿ ನಿನ್ನ ಮಾಮಾನ ಎದೆಗೆ ಕರೆಂಟು ಕೊಟ್ಟಾಗ ಇಡೀ ನವನಗರದ ದೀಪಗಳೆಲ್ಲ ಮಂಕಾದವು. ಕರೆಂಟಿನ ಆಫೀಸಿನವರು ಗಾಬರಿಯಾಗಿ ಓಡಿಬಂದು, “ಯಾರ್ರೀ ಇಷ್ಟ ಕರೆಂಟ ಎಳದವ್ರು?” ಎಂದು ಕೇಳಿದರಂತೆ. ಡಾಕ್ಟರಮ್ಮ ನನ್ನ ಮಂಚದ ಕಡೆ ಬೆರಳು ಮಾಡಿದಳಂತೆ. ನಾನು ಆಗ ನಿದ್ದೆಯ ಇಂಜೆಕ್ಷನ್ನಿನಲ್ಲಿ ಇದ್ದೆನಾದ್ದರಿಂದ ಸ್ವತಃ ಸಾಕ್ಷಿ ಹೇಳಲಾರೆ. ಆದರೆ ನಮ್ಮೂರ ಸಾಲೆಯಲ್ಲಿ ಏಳನೆಯ ಇಯತ್ತೆ ಪಾಸಾದ ಯಾವ ಮನುಷ್ಯನೂ ಇಂಥ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ.

ಹೆದರಬೇಡ. ಬರೆಯುತ್ತಿರುವವನು ನಾನೇ, ಅಂದಮೇಲೆ ಬದುಕಿದ್ದೇನೆ.

ಆದದ್ದು ಇಷ್ಟು. ಎಂದಿನಂತೆ ಫಾರೂಕನ ಆಟೋದಲ್ಲಿ ಮೈಕು ಹಿಡಿದು ಪೇಟೆ ಸುತ್ತುತ್ತಿದ್ದೆ. ಸೀರೆ ಅಂಗಡಿಯೊಂದರ ರಿಯಾಯ್ತಿ ಮಾರಾಟದ ಪ್ರಚಾರ. “ಅಕ್ಕಾರ, ತಂಗ್ಯಾರ, ಅಸಲಿ ಇಳಕಲ್ಲ ಸೀರಿ” ಎನ್ನುವಷ್ಟರಲ್ಲಿ ಎದೆಯೊಳಗೆ ಯಾರೋ ಒಂದು ಪವರ್‌ಲೂಮು ಚಾಲೂ ಮಾಡಿದರು. ಅದೂ ಕೆಟ್ಟ ಮಗ್ಗ. ಒಂದು ಪೆಟ್ಟಿಗೂ ಮುಂದಿನ ಪೆಟ್ಟಿಗೂ ಸಂಬಂಧವೇ ಇಲ್ಲ. ಮೈಯೆಲ್ಲ ಬೆವೆತು ಕಣ್ಣು ಕತ್ತಲಾಯಿತು. ಮೈಕು ಮಾತ್ರ ಚಾಲೂ ಇತ್ತು. ನಾನು “ಅಯ್ಯಯ್ಯೋ ಯವ್ವಾ” ಎಂದದ್ದು ಬಸ್ ಸ್ಟ್ಯಾಂಡಿನವರೆಗೂ ಕೇಳಿತಂತೆ. ಜನ ಅದನ್ನು ಪ್ರಚಾರದ ಹೊಸ ನಮೂನೆ ಎಂದು ತಿಳಿದು ನಕ್ಕರಂತೆ. ಸೀರೆ ಅಂಗಡಿಗೆ ಅವತ್ತು ಗಿರಾಕಿ ಹೆಚ್ಚಾದರು ಎಂದು ಫಾರೂಕ ಹೇಳಿದ.

ಇಲ್ಲಿಯ ದವಾಖಾನೆಯಲ್ಲಿ ಎದೆಯ ಇ.ಸಿ.ಜಿ. ಪಟ್ಟಿ ತೆಗೆದವರೇ ಅಂಬುಲೆನ್ಸಿಗೆ ಹಾಕಿ ಬಾಗಲಕೋಟೆಗೆ ಅಟ್ಟಿದರು. ಬಿ.ಪಿ. ಕುಸಿಯುತ್ತಿತ್ತು, ಕಾಯಲು ಹೊತ್ತಿರಲಿಲ್ಲ, ಆದ್ದರಿಂದ ಕರೆಂಟು. ಒಂದೇ ಹೊಡೆತಕ್ಕೆ ಎದೆ ದಾರಿಗೆ ಬಂತು. ಚಿಕ್ಕಂದಿನಲ್ಲಿ ನನಗೆ ಕೀಲುನೋವಿನ ಜ್ವರ ಬಂದಿತ್ತಲ್ಲ, ಆಗಲೇ ಎದೆಯ ಒಂದು ವಾಲ್ವು ಕೆಟ್ಟು ಸಣ್ಣಗಾಗಿದೆಯಂತೆ. ಅದರಿಂದ ಎದೆಯ ಮೇಲಿನ ಕೋಣೆ ಬಡಿಯುವುದನ್ನು ಬಿಟ್ಟು ನಡುಗುತ್ತದೆ. ನಡುಗುವ ಕೋಣೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಿದರೆ ಆ ಗಡ್ಡೆ ಸೀದಾ ತಲೆಗೆ ಏರಬಹುದಂತೆ.

ಡಾಕ್ಟರಮ್ಮ ಹೇಳಿದ್ದು: “ಮುರಿಗೆಪ್ಪನವರ, ನಿಮ್ಮ ಎದಿ ಮತ್ತ ತಾಳ ತಪ್ಪೂದ ಐತಿ. ತಪ್ಪಿದ್ರೂ ಓಡಬಾರದು, ರಕ್ತ ಗಟ್ಟಿ ಆಗಬಾರದು. ಅದಕ್ಕ ಈ ಎರಡು ಗುಳಗಿ. ಸಾಯೂತನಕ ತಗೋಬೇಕು.”

ನಾನು ಕೇಳಿದೆ: “ಸತ್ತಮ್ಯಾಲೆ ಬಿಡಬಹುದೇನ್ರಿ?”

ಆಕೆ ನಗಲಿಲ್ಲ. ನಿನ್ನ ಅವ್ವ ಗುರುಲಿಂಗವ್ವ ಇದ್ದಿದ್ದರೆ ನಗುತ್ತಿದ್ದಳು, ಆಮೇಲೆ ತಲೆಗೆ ಮೊಟಕುತ್ತಿದ್ದಳು. ತಂಗಿಯಾದರೂ ಮೊಟಕುವ ಅಧಿಕಾರ ಅವಳದೇ ಇತ್ತು. ಈಗ ಮೊಟಕುವವರು ಯಾರೂ ಇಲ್ಲದ್ದರಿಂದ ತಲೆ ಭಾಳ ಹಗುರಾಗಿದೆ.

ನಿನ್ನ ಕಾಡಿನಲ್ಲಿ ಹುಲಿಗಳು ಕ್ಷೇಮವೇ? ನನ್ನ ನಮಸ್ಕಾರ ತಿಳಿಸು.

ನಿನ್ನ ಮಾಮಾ
ಮುರಿಗೆಪ್ಪ


ಕಳ್ಳಬೇಟೆ ತಡೆ ಶಿಬಿರ, ಜೋಯಿಡಾ
೧ ಡಿಸೆಂಬರ್ ೨೦೨೪

ಮಾಮಾ,

ನಿನ್ನ ಪತ್ರ ರೇಷನ್ನಿನ ಜೀಪಿನಲ್ಲಿ ಅಕ್ಕಿ ಚೀಲದ ಮೇಲೆ ಕೂತು ಬಂತು. ನವನಗರದ ದೀಪದ ಸುದ್ದಿ ಓದಿ ನಕ್ಕೆ. ಆಮೇಲೆ ಕೆಳಗಿನ ಸಾಲುಗಳನ್ನು ಓದಿ ವಾಚ್‌ಟವರಿನ ಮೇಲೆ ಹೋಗಿ ಒಬ್ಬಳೇ ಕೂತೆ. ನೀನು ಸಾಯಲು ಹೋಗಿದ್ದಾಗ ನಾನು ಇಲ್ಲಿ ಕಾಳ್ಗಿಚ್ಚು ಹಬ್ಬದಂತೆ ಬೆಂಕಿರೇಖೆಯ ಹುಲ್ಲು ಕೊಯ್ಯಿಸುತ್ತಿದ್ದೆ. ಯಾರೂ ನನಗೆ ಹೇಳಲಿಲ್ಲ. ಹೇಳಬೇಕೆಂದರೂ ಇಲ್ಲಿ ಫೋನು ಹತ್ತುವುದಿಲ್ಲ. ಭಾನುವಾರ ಜೋಯಿಡಾಕ್ಕೆ ಇಳಿದಾಗ ಮಾತ್ರ ನಾನು ಮನುಷ್ಯಳಾಗುತ್ತೇನೆ. ಉಳಿದ ದಿನ ಯೂನಿಫಾರ್ಮು.

ಜೋಯಿಡಾದ ದವಾಖಾನೆಯ ಸಿಸ್ಟರಿಗೆ ನಿನ್ನ ಪತ್ರ ತೋರಿಸಿ ಗುಳಿಗೆಗಳ ವಿಷಯ ಕೇಳಿದೆ. ಎರಡು ಮಾತು ಹೇಳಿದರು, ಹಲ್ಲು ಕಿಸಿಯದೆ ಓದು.

ಮೊದಲನೆಯದು, ಸೊಪ್ಪು. ರಕ್ತ ತೆಳುವು ಮಾಡುವ ಆ ಗುಳಿಗೆಗೂ ಹಸಿರು ಸೊಪ್ಪಿಗೂ ಆಗಿಬರುವುದಿಲ್ಲ. ಪೂರಾ ಬಿಡಬೇಕಿಲ್ಲ. ದಿನಾ ಒಂದೇ ಅಳತೆ ಇರಲಿ. ಒಮ್ಮೆಲೇ ಹೆಚ್ಚು ತಿಂದರೆ ಗುಳಿಗೆ ನುಂಗಿದರೂ ನುಂಗದಂತೆ ಆಗುತ್ತದೆ. ಅದಕ್ಕೇ ತಿಂಗಳಿಗೊಮ್ಮೆ ರಕ್ತ ಪರೀಕ್ಷೆ, ಅದನ್ನು ತಪ್ಪಿಸಬಾರದು. ನಮ್ಮ ಕಡೆ ಚಳಿಗಾಲ ಬಂತೆಂದರೆ ರೊಟ್ಟಿಯ ಜೋಡಿ ದನ ಮೇಯ್ದ ಹಾಗೆ ಹಸಿ ಸೊಪ್ಪು ಮೇಯುವುದು ನನಗೆ ಗೊತ್ತಿಲ್ಲವೇ?

ಎರಡನೆಯದು. ಬಾಯಿ ವಾರೆಯಾದರೆ, ಮಾತು ತೊದಲಿದರೆ, ಕೈ ಸೋತರೆ, ಆ ಗಳಿಗೆಯೇ ದವಾಖಾನೆ ಮುಟ್ಟಬೇಕು. ಬೇಗ ಹೋದರೆ ಗಡ್ಡೆ ಕರಗಿಸುವ ಇಂಜೆಕ್ಷನ್ ಇದೆಯಂತೆ, ಹೊತ್ತು ಮೀರಿದರೆ ಅದು ನಡೆಯುವುದಿಲ್ಲವಂತೆ. ಇದನ್ನು ಫಾರೂಕನಿಗೆ ಹೇಳಿಡು. ನಿನ್ನ ಜೊತೆ ದಿನವೆಲ್ಲ ಇರುವವನು ಅವನೇ.

ಇಲ್ಲಿ ಸಂಜೆಯಾದರೆ ಮರಕುಟಿಗದ ಸಪ್ಪಳ ಬಿಟ್ಟರೆ ಬೇರೆ ಇಲ್ಲ. ನಾನು ಕಾಯುವ ಬೀಟಿನ ಪಕ್ಕದ ಬೀಟಿಗೆ ಧಾರವಾಡದ ಹುಡುಗನೊಬ್ಬ ಗಾರ್ಡಾಗಿ ಬಂದಿದ್ದಾನೆ, ಮಿಲಿಂದ ಎಂದು. ಹಕ್ಕಿಯ ದನಿ ಕೇಳಿ ಹೆಸರು ಹೇಳುತ್ತಾನೆ. ಸುಮ್ಮನೆ ಬರೆದೆ.

ಕಸ್ತೂರಿ


ಇಳಕಲ್ಲ
೨ ಜನವರಿ ೨೦೨೫

ಚಿರಂಜೀವಿ ಕಸ್ತೂರಿಗೆ,

“ಸುಮ್ಮನೆ ಬರೆದೆ” ಎಂದು ಬರೆದದ್ದನ್ನು ನಾನು ಸುಮ್ಮನೆ ಓದಿದೆ. ಅಷ್ಟೇ.

ನಿನ್ನ ಎರಡೂ ಅಪ್ಪಣೆ ಪಾಲಿಸಿದ್ದೇನೆ. ಫಾರೂಕನಿಗೆ ಬರೀ ಹೇಳಿದರೆ ತಲೆಗೆ ಹೋಗುತ್ತದೆಯೇ? ಚಹಾದ ಅಂಗಡಿಯಲ್ಲಿ ಮಾಡಿ ತೋರಿಸಿದೆ. ಬಾಯಿ ವಾರೆ ಮಾಡಿದೆ, “ಬ್ಬ ಬ್ಬ ಬ್ಬ” ಎಂದು ತೊದಲಿದೆ, ಬಲಗೈ ಜೋಲುಬಿಟ್ಟು ಚಹಾದ ಬಸಿ ಕೆಡವಿದೆ. ಅಂಗಡಿಗೆ ಅಂಗಡಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಈಗ ಹೊಸಬರು ಬಂದಾಗಲೆಲ್ಲ, “ಮುರಿಗೆಪ್ಪಣ್ಣ, ಆ ವಾರೀ ಬಾಯಿದು ಒಮ್ಮಿ ಮಾಡಿ ತೋರಸ್ರಿ” ಎಂದು ಒತ್ತಾಯ. ನಾನು ನಾಟಕದ ಕಂಪನಿ ಸೇರಿದ್ದರೆ ಕಂಪನಿಯೇ ನನ್ನ ಹೆಸರಿನಲ್ಲಿ ನಡೆಯುತ್ತಿತ್ತು.

ಫಾರೂಕ ಮಾತ್ರ ಒಂದು ಅಧಿಕಪ್ರಸಂಗ ಮಾಡಿದ್ದಾನೆ. ನನ್ನ ಪ್ರಚಾರಗಳನ್ನೆಲ್ಲ ಪೆನ್‌ಡ್ರೈವಿಗೆ ತುಂಬಿಕೊಂಡು, “ನಿಮ್ಮ ಎದಿಗೆ ದಣಿವು ಬ್ಯಾಡ್ರಿ, ಇದನ್ನ ಹಚ್ಚಿಬಿಡೂಣು” ಎಂದ. ನಾನು ಒಪ್ಪಲಿಲ್ಲ. ಅದು ಎಲ್ಲ ಓಣಿಗೂ ಒಂದೇ ಮಾತು ಹೇಳುತ್ತದೆ. ನಾನು ಓಣಿಗೊಂದು ಹೊಸ ಮಾತು ಸೇರಿಸುವವನು. ಯಾರ ಮನೆಯಲ್ಲಿ ಗಂಡ ಹೆಂಡತಿ ಮುನಿಸಿಕೊಂಡಿದ್ದಾರೆ ಎಂದು ತಿಳಿದು ಅಲ್ಲಿ ಸೀರೆಯ ಬೆಲೆ ಎರಡು ಸಲ ಹೇಳುತ್ತೇನೆ. ಪೆನ್‌ಡ್ರೈವಿಗೆ ಅದು ತಿಳಿಯುವುದೇ?

ಎಳ್ಳ ಅಮಾವಾಸ್ಯೆಗೆ ಹುನಗುಂದದ ಹಾದಿಯ ದುರ್ಗಪ್ಪನ ಹೊಲಕ್ಕೆ ಭೂತಾಯಿಗೆ ಚರಗ ಚೆಲ್ಲಲು ಹೋಗಿದ್ದೆ. ದಿನಾ ಇಳಕಲ್ಲ ಪೇಟೆಗೆ ಬೈಕಿನ ಮೇಲೆ ಸೊಪ್ಪು ತಂದು ಮಾರುತ್ತಾನಲ್ಲ, ಅವನೇ. ಸಜ್ಜೆಯ ರೊಟ್ಟಿ, ಎಣ್ಣೆಗಾಯಿ, ಎಲ್ಲ ಇತ್ತು. ನಾನು ಹಕ್ಕರಕಿ ಸೊಪ್ಪಿಗೆ ಕೈ ಹಾಕದ್ದನ್ನು ನೋಡಿ ಅವನು ಜನರೆದುರು ಅಂದ: “ಯಾಕೋ ಮುರಿಗ್ಯಾ, ಡಾಕ್ಟರು ಹಕ್ಕರಕಿ ತಿಂದ್ರ ಸಾಯ್ತಿ ಅಂದಾರಂತ? ಆಡಿನಂಗ ಮೇಯ್ತಿದ್ದಿ. ಈಗ ನೋಡು, ಬಾಣಂತಿ ಆಗಿಯಲ್ಲಲೇ!”

ಇದನ್ನು ಕೇಳಿ ಸುಮ್ಮನಿರುವ ರಕ್ತ ನಿನ್ನ ಮಾಮಾನದಲ್ಲ, ಎಷ್ಟೇ ತೆಳುವಾಗಿರಲಿ. ಪಂದ್ಯ ಕಟ್ಟಿದೆ. ಒಂದು ರೊಟ್ಟಿಯ ಜೊತೆ ಒಂದು ಕಟ್ಟು ಹಕ್ಕರಕಿ, ಯಾರು ಮೊದಲು ಮುಗಿಸುತ್ತಾರೋ ಅವರು. ಅವನು ಇನ್ನೂ ಬೇರು ಹರಿಯುತ್ತಿದ್ದ, ನಾನು ಕೈ ತೊಳೆದಿದ್ದೆ. ಐದು ನೂರು ರೂಪಾಯಿ ಗೆದ್ದೆ. ತಿಂದದ್ದು ಒಂದು ದಿನದ ಮಟ್ಟಿಗೆ ಅಷ್ಟೇ, ನೀನು ಸಿಸ್ಟರಿಗೆ ಹೇಳಲು ಹೋಗಬೇಡ.

ನಿನ್ನ ಮಾಮಾ


ಜೋಯಿಡಾ ಶಿಬಿರ
೧೯ ಜನವರಿ ೨೦೨೫

ಮಾಮಾ,

ಪಂದ್ಯದ ವಿಷಯಕ್ಕೆ ಆಮೇಲೆ ಬೈಯುತ್ತೇನೆ. ಮೊದಲು ನನ್ನ ವಿಷಯ.

ನೀನು ಸುಮ್ಮನೆ ಓದಿದ್ದು ಸುಮ್ಮನೆ ಆಗಿರಲಿಲ್ಲ. ಮಿಲಿಂದ ಕೇಳಿದ್ದಾನೆ, ನಾನು ಹೂಂ ಅಂದಿದ್ದೇನೆ. ಅವರ ಅಪ್ಪ ಇಲ್ಲ. ಅಮ್ಮ ಸುಲಭಾ ಅವರು ಸಂಸ್ಕೃತ ಪ್ರಾಧ್ಯಾಪಕಿಯಾಗಿದ್ದು ನಿವೃತ್ತರು. ನಮ್ಮವರಲ್ಲ ಎನ್ನುವುದು ನಿನಗೆ ಹೆಸರಿನಲ್ಲೇ ತಿಳಿದಿರುತ್ತದೆ. ಅವರ ಕಡೆ ಕಾಕಾ, ಮಾವಂದಿರು, ಎಲ್ಲ ಪುಸ್ತಕದ ಹಾಗೆ ಮಾತಾಡುವವರು. ಮಾರ್ಚ್ ೨೩ರ ಭಾನುವಾರ ಧಾರವಾಡದಲ್ಲಿ ಮಾತುಕತೆ ಎಂದು ಗೊತ್ತುಮಾಡಿದ್ದಾರೆ. “ನಿಮ್ಮ ಕಡಿಯಿಂದ ಯಾರು ಮಾತಾಡ್ತಾರವಾ?” ಎಂದು ಸುಲಭಾ ಅಮ್ಮ ಕೇಳಿದರು.

“ನಮ್ಮ ಮಾಮಾ. ಅವನ ಮುಂದ ನಿಮ್ಮ ಪ್ರೊಫೆಸರಗೋಳೆಲ್ಲಾ ಬಾಯಿ ಮುಚಗೊಂಡ ಕೂಡ್ತಾರ” ಎಂದೆ. ಸೊಕ್ಕಿನಿಂದಲೇ ಹೇಳಿದೆ. ಅಪ್ಪನನ್ನು ನಾನು ನೋಡಿದ ನೆನಪಿಲ್ಲ, ಅವ್ವ ಹೋದಳು. ಸೋದರಮಾವ ಎದ್ದು ನಿಂತು “ನಮ್ಮ ಹುಡುಗಿ ಕೊಟ್ಟೇವಿ” ಎನ್ನದೆ ಮಾತು ಮುಂದಕ್ಕೆ ಹೋಗಬಾರದು ಎಂದು ಅವ್ವ ಹೇಳುತ್ತಿದ್ದಳು. ಆ ಮಾತನ್ನು ಹೇಳಲು ನನಗೆ ಇರುವವನು ನೀನೊಬ್ಬನೇ.

ಮುಂದಿನ ಎರಡು ಭಾನುವಾರ ಬೆಂಕಿರೇಖೆಯ ಕೆಲಸ, ಇಳಿಯಲಾಗುವುದಿಲ್ಲ; ಫೆಬ್ರುವರಿ ೯ರ ಭಾನುವಾರ ಫೋನು ಮಾಡುತ್ತೇನೆ. ಬೈಯುವುದಿದ್ದರೆ ಬೈ. ಆದರೆ ಬಾ.

ಕಸ್ತೂರಿ


ಇಳಕಲ್ಲ
೨೦ ಫೆಬ್ರುವರಿ ೨೦೨೫

ಕಸ್ತೂರಿಗೆ,

ಫೋನು ಮಾಡುತ್ತಿದ್ದೀಯಂತೆ. ನನ್ನ ಫೋನು ನೀರಿನ ಟಾಕಿಗೆ ಬಿದ್ದು ಹಾಳಾಗಿದೆ. ಹೊಸದು ಕೊಳ್ಳುವ ವಿಚಾರವಿಲ್ಲ. ಇನ್ನು ಮುಂದೆ ಪತ್ರವೇ ಸಾಕು. ಪತ್ರದಲ್ಲಿ ಮನುಷ್ಯ ಯೋಚಿಸಿ ಹೇಳುತ್ತಾನೆ.

ಅಕ್ಷರ ಡೊಂಕಾಗಿದ್ದಕ್ಕೆ ಪೆನ್ನು ಕಾರಣ.

ನನ್ನ ದನಿಗೆ ಈಗ ಎಲ್ಲಿಲ್ಲದ ಬೇಡಿಕೆ. ಬೆಳಗಿನಿಂದ ಸಂಜೆಯತನಕ ಓಣಿ ಓಣಿಯಲ್ಲಿ ಅದೇ. ಹುನಗುಂದಕ್ಕೂ ಹೋಗಿಬಂತು, ಬಾದಾಮಿಯವರೂ ಕೇಳಿದ್ದಾರೆ. ಇಂಥದರಲ್ಲಿ ಧಾರವಾಡಕ್ಕೆ ಬರುವುದು ಆಗಲಿಕ್ಕಿಲ್ಲ. ಓದಿದವರ ಮನೆ, ಓದಿದ ಮಂದಿ. ನನ್ನಂಥವನು ಅಲ್ಲಿ ಏನು ಮಾತಾಡುವುದು? ನಿಮ್ಮ ಸಾಹೇಬರು ಯಾರಾದರೂ ಹಿರಿಯರಿದ್ದರೆ ಕೂರಿಸಿಕೊ.

ಗುಳಿಗೆ ತಪ್ಪಿಲ್ಲ. ಇಲ್ಲಿ ಬಿಸಿಲು ಏರುತ್ತಿದೆ.

ಮುರಿಗೆಪ್ಪ


ಜೋಯಿಡಾ
೨ ಮಾರ್ಚ್ ೨೦೨೫

ಮಾಮಾ ಅವರಿಗೆ,

ನಿಮ್ಮ ಪತ್ರ ತಲುಪಿತು.

ಇವತ್ತು ಫಾರೂಕನ ಫೋನಿಗೆ ಹಚ್ಚಿದ್ದೆ. ನಿಮ್ಮ ಕೈಗೆ ಕೊಡು ಎಂದೆ. ಅವನು ತಡವರಿಸಿದ. “ಈಗ ಆಗೂದಿಲ್ಲ ಅಕ್ಕಾರ… ಅವರು… ಆಮ್ಯಾಲೆ ಹಚ್ರಿ” ಎಂದ. ಅವನ ಹಿಂದೆ ನಿಮ್ಮ ದನಿ ನನಗೆ ನಿಚ್ಚಳವಾಗಿ ಕೇಳಿಸುತ್ತಿತ್ತು. “ಅಕ್ಕಾರ, ತಂಗ್ಯಾರ” ಎಂದು ಖುಷಿಯಲ್ಲಿ ಕೂಗುತ್ತಿದ್ದಿರಿ. ಊರ ಅಕ್ಕ ತಂಗಿಯರಿಗೆಲ್ಲ ಕೂಗುವ ಬಾಯಿಗೆ ತಂಗಿಯ ಮಗಳ ಜೊತೆ ಎರಡು ಮಾತಾಡಲು ಪುರಸೊತ್ತಿಲ್ಲ ಎಂದಾಯಿತು.

ಮೂರು ಭಾನುವಾರ ನೆಟ್‌ವರ್ಕು ಸಿಗುವ ಆ ಕಲ್ಲಿನ ಮೇಲೆ ನಿಂತು ನಿಮ್ಮ ಫೋನಿಗೆ ಹಚ್ಚಿದ್ದೇನೆ. ಅದು ಟಾಕಿಗೆ ಬಿದ್ದಿಲ್ಲ. ರಿಂಗಾಗುತ್ತದೆ. ಯಾರೋ ಎತ್ತುತ್ತಾರೆ, ಉಸಿರು ಕೇಳುತ್ತದೆ, ಇಟ್ಟುಬಿಡುತ್ತಾರೆ.

ಜಾತಿ ಅಡ್ಡ ಬಂದಿದ್ದರೆ ಹಾಗೆಂದು ಬರೆಯಬಹುದಿತ್ತು. ಫಾರೂಕನ ಮನೆಯ ರಂಜಾನಿನ ಸುರಕುಂಬಾ ಕುಡಿಸಿ ನನ್ನನ್ನು ಬೆಳೆಸಿದ ನಿಮಗೆ ಇದು ಅಡ್ಡಿಯಾಗುತ್ತದೆ ಎಂದು ನಾನು ಎಣಿಸಿರಲಿಲ್ಲ. ಎಣಿಕೆ ತಪ್ಪಿತು.

ಸಾಹೇಬರನ್ನು ಕೂರಿಸಿಕೊಳ್ಳುವುದಿಲ್ಲ. ನನ್ನ ಮಾತು ನಾನೇ ಆಡುತ್ತೇನೆ. ಗುಳಿಗೆ ತೆಗೆದುಕೊಳ್ಳಿ.

ಕಸ್ತೂರಿ


ಇಳಕಲ್ಲ
೭ ಮಾರ್ಚ್ ೨೦೨೫

ಮಗಳೇ,

ನೀನು ಹುಟ್ಟಿದಾಗಿನಿಂದ ನನ್ನನ್ನು “ನೀವು” ಎಂದವಳಲ್ಲ. ಆ ಹಾಳೆಯನ್ನು ಓದಿ ಮಡಿಚಿ ಇಟ್ಟೆ, ಮತ್ತೆ ತೆಗೆದು ಓದಿದೆ. ಎಲ್ಲ ಸಾಲಿನಲ್ಲೂ ಹಾಗೇ ಇತ್ತು.

ನೀನು ಕೇಳಿದ ದನಿ ನನ್ನದೇ. ಆದರೆ ನಾನು ಆಟೋದಲ್ಲಿ ಇರಲಿಲ್ಲ. ಅದು ಪೆನ್‌ಡ್ರೈವು.

ಫೆಬ್ರುವರಿ ಮೊದಲ ವಾರ, ಒಂದು ಮುಂಜಾನೆ, ಚಹಾದ ಅಂಗಡಿಯಲ್ಲಿ ಕೂತಿದ್ದೆ. ದುರ್ಗಪ್ಪ ಎದುರಿಗಿದ್ದ, ಫಾರೂಕ ಆಟೋ ಒರೆಸುತ್ತಿದ್ದ. ಏನೋ ಚೇಷ್ಟೆ ಮಾಡಲು ಬಾಯಿ ತೆಗೆದೆ. ಮಾತು ಬಾಯೊಳಗೆ ನೆನೆದ ರೊಟ್ಟಿಯ ಹಾಗೆ ಮುದ್ದೆಯಾಯಿತು. “ಬ್ಬ ಬ್ಬ” ಎಂದಷ್ಟೇ ಬಂತು. ಬಲಗೈಯಿಂದ ಬಸಿ ಜಾರಿ ಬಿತ್ತು.

ಇಡೀ ಅಂಗಡಿ ನಕ್ಕಿತು, ಕಸ್ತೂರಿ.

ದುರ್ಗಪ್ಪ ಚಪ್ಪಾಳೆ ಹೊಡೆದ. “ಇವತ್ತ ಭಾರೀ ಮಾಡ್ದಿ ನೋಡಲೇ! ಜೊಲ್ಲು ಸೈತ ಸುರಿಸಾಕತ್ತೀಯಲ್ಲ!” ಎಂದ. ಯಾರೋ ಹೊಸಬ, “ಇನ್ನೊಮ್ಮಿ, ಇನ್ನೊಮ್ಮಿ” ಎಂದ. ನಾನು ಎದ್ದು ಫಾರೂಕನ ಅಂಗಿ ಹಿಡಿದೆ. ಅವನೂ ನಗುತ್ತ ನನ್ನ ಕೈ ಬಿಡಿಸಿಕೊಂಡು, “ಸಾಕ್ರಿ ಮಾಮಾ, ಹೊಟ್ಟಿ ನೋಯಾಕತ್ತೇತಿ” ಎಂದ. ಖರೆ ಎಂದು ಹೇಳಲು ನನ್ನ ಹತ್ತಿರ ಇದ್ದದ್ದು ಅದೇ ಬಾಯಿ. ಎಷ್ಟು ಹೇಳಿದರೂ ಅಷ್ಟೂ ನಾಟಕವಾಯಿತು. ಸಿಟ್ಟು ಬಂದು ಮನೆಗೆ ನಡೆದೆ. ಅವರು ಅದನ್ನೂ ನಾಟಕದ ಕೊನೆಯ ಅಂಕ ಎಂದುಕೊಂಡರು.

ಮಧ್ಯಾಹ್ನ ಪ್ರಚಾರಕ್ಕೆ ಕರೆಯಲು ಫಾರೂಕ ಮನೆಗೆ ಬಂದ. ನಾನು ಹೊಸ್ತಿಲಲ್ಲಿ ಕೂತಿದ್ದೆ. ನೋಡುವವರು ಯಾರೂ ಇಲ್ಲದೆಡೆ ಮನುಷ್ಯ ನಾಟಕ ಮಾಡುವುದಿಲ್ಲ ಎಂದು ಆಗ ಅವನಿಗೆ ಹೊಳೆಯಿತು. ಎತ್ತಿ ಆಟೋಕ್ಕೆ ಹಾಕಿದ. ಬಾಗಲಕೋಟೆ ಮುಟ್ಟುವತನಕ ಅತ್ತ. ನೀನು ಬರೆದಿದ್ದ ಆ ಇಂಜೆಕ್ಷನ್ನಿನ ಹೊತ್ತು ಮೀರಿತ್ತು.

ಅದೇ ಡಾಕ್ಟರಮ್ಮ. ಎದೆಯಿಂದ ಗಡ್ಡೆ ತಲೆಗೆ ಹೋಗಿದೆ ಎಂದಳು. ದೊಡ್ಡದಲ್ಲ. ಕೈ ಮುಕ್ಕಾಲು ಬಂದಿದೆ, ಕಾಲಿಗೆ ಏನೂ ಆಗಿಲ್ಲ, ಬುದ್ಧಿ ಇದ್ದಷ್ಟು ಇದೆ. ಮಾತು ಮಾತ್ರ ಹೋಗಿದೆ. ಹೇಳಬೇಕಾದ ಮಾತೆಲ್ಲ ಒಳಗೆ ಸಾಲಾಗಿ ನಿಂತಿರುತ್ತದೆ, ನಾಲಗೆ ಹೊರಗೆ ಬಿಡುವುದಿಲ್ಲ. ವಾರಕ್ಕೊಮ್ಮೆ ಬಾಗಲಕೋಟೆಯಲ್ಲಿ ಒಬ್ಬ ಹುಡುಗಿ ಮಾತು ಕಲಿಸುತ್ತಾಳೆ. ಅ, ಆ, ಪ, ಬ. ಇಷ್ಟು ವಯಸ್ಸಿಗೆ ಮತ್ತೆ ಒಂದನೆಯದಕ್ಕೂ ಕೆಳಗಿನ ಬಿನ್ನೆತ್ತೆ.

ಗುಳಿಗೆ ತಪ್ಪಿಸದಿದ್ದರೂ ಗಡ್ಡೆ ಏಕಾಯಿತೆಂದು ಆಕೆ ಕೇಳಿದಳು. ಮೈ ಗುಣ ಎಂದು ಬರೆದು ತೋರಿಸಿದೆ. ನಿನಗೂ ಅಷ್ಟೇ ಹೇಳುತ್ತೇನೆ.

ಫಾರೂಕ ಪ್ರಚಾರದ ಕೆಲಸ ಬಿಡುತ್ತೇನೆ ಎಂದ. ನಾನೇ ಪೆನ್‌ಡ್ರೈವು ಅವನ ಕೈಗೆ ತುರುಕಿದೆ. ಈಗ ದಿನಕ್ಕೆರಡು ಸಲ ನನ್ನ ದನಿ ನಮ್ಮ ಓಣಿಯಲ್ಲಿ ಹಾದುಹೋಗುತ್ತದೆ. ನಾನು ಕಿಟಕಿ ಮುಚ್ಚಿಕೊಂಡು ಒಳಗೆ ಕೂತು ಕೇಳುತ್ತೇನೆ. ಎಂಥ ದನಿ ಅದು, ಮಗಳೇ! ಇದ್ದಾಗ ನನಗೆ ತಿಳಿದಿರಲಿಲ್ಲ. ಮೂಲೆಯ ಮನೆಯ ಮುದುಕಿ ಶಿವಬಸವ್ವ ಮೊನ್ನೆ ಅದನ್ನು ಕೇಳಿ, “ಮುರಿಗೆಪ್ಪ ಊರು ಸುತ್ತಾಕ ಹತ್ಯಾನ, ಆರಾಮ ಅದಾನ” ಎಂದು ಸೊಸೆಗೆ ಹೇಳುತ್ತಿದ್ದಳು. ನಾನು ಅಲ್ಲೇ ಗೋಡೆಯ ಈಚೆ ಇದ್ದೆ.

ನೀನು ಫೋನು ಹಚ್ಚಿದಾಗ ಎತ್ತುತ್ತಿದ್ದವನು ನಾನೇ. ನೀನು “ಮಾಮಾ, ಮಾಮಾ” ಎನ್ನುತ್ತಿದ್ದೆ. ಓಗೊಡಬೇಕೆಂದು ಬಾಯಿ ತೆಗೆದರೆ ಬರುವ ಸಪ್ಪಳ ನಿನಗೆ ಕೇಳಿಸಬಾರದು ಎಂದು ಇಟ್ಟುಬಿಡುತ್ತಿದ್ದೆ.

ಮಿಲಿಂದನ ಬಗ್ಗೆ ನನಗೆ ಒಂದೇ ತಕರಾರು. ಹಕ್ಕಿಯ ದನಿ ಗುರುತಿಸುವವನು ಮಾಮಾನ ದನಿ ಯಾವುದು, ಮಷೀನಿನದು ಯಾವುದು ಎಂದು ನಿನಗೆ ಹೇಳಬೇಕಿತ್ತು. ಬೇರೆ ತಕರಾರು ಇಲ್ಲ. ಆದರೆ ಪ್ರೊಫೆಸರುಗಳ ನಡುವೆ ಎದ್ದು ನಿಂತು “ಬ್ಬ ಬ್ಬ” ಎನ್ನುವ ಸೋದರಮಾವನನ್ನು ಯಾವ ಹುಡುಗಿಗೂ ಕೊಡಬಾರದು. ಅದಕ್ಕೇ ಬರುವುದಿಲ್ಲ ಎಂದದ್ದು.

ನಿನ್ನ ಮಾಮಾ


ಜೋಯಿಡಾ ಶಿಬಿರ
೧೨ ಮಾರ್ಚ್ ೨೦೨೫

ಮಾಮಾ,

ನೀನು. ನೀನು. ನೀನು. ಸಾಕೇ?

ಹುಲ್ಲಿನ ಮೇಲೆ ಕೂತು ನಿನ್ನ ಪತ್ರ ಓದಿ ಮುಗಿಸಿದೆ. ಮಿಲಿಂದ ಬಂದು ಪಕ್ಕದಲ್ಲಿ ಕೂತ. ನಿನ್ನ ತಕರಾರನ್ನು ಓದಿ ಹೇಳಿದೆ. “ತಪ್ಪಾತು ಅಂತ ಬರಿ. ಅವತ್ತು ನಾನು ಅಲ್ಲಿ ಇರಲಿಲ್ಲ, ಇದ್ದಿದ್ರ ಗುರುತು ಹಿಡೀತಿದ್ದೆ” ಎಂದ.

ನಿನ್ನೆ ಸಾಹೇಬರ ಜೀಪು ಹತ್ತಿ ಪೇಟೆಗೆ ಇಳಿದು ಸುಲಭಾ ಅಮ್ಮನಿಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಅಂದರು: “ನಮ್ಮ ಮನ್ಯಾಗ ಮಾತಾಡೋರು ಬೇಕಾದಷ್ಟ ಮಂದಿ ಇದ್ದಾರವಾ, ಕೇಳೋರ ಬರಗಾಲ. ಅವರಿಗೆ ಪ್ರಯಾಣ ಬ್ಯಾಡ, ನಾವ ಇಳಕಲ್ಲಿಗೆ ಬರ್ತೇವಿ.” ೨೩ಕ್ಕೆ ನಿನ್ನ ಮನೆಯಲ್ಲೇ ಮಾತುಕತೆ. ಮನೆ ಬಳಿದು ಇಡು. ನಾನು ಎರಡು ದಿನ ಮುಂಚೆ ಬರುತ್ತೇನೆ.

೧೬ರ ಭಾನುವಾರ ಫೋನು ಮಾಡುತ್ತೇನೆ. ಎತ್ತಿದವನು ಇಡಬೇಡ. ಯಾವ ಸಪ್ಪಳ ಬಂದರೂ ಬರಲಿ. ಇಲ್ಲಿ ಕಾಡಿನಲ್ಲಿ ಸಪ್ಪಳ ಕೇಳಿ ಅರ್ಥ ಮಾಡಿಕೊಳ್ಳುವುದಕ್ಕೇ ಸರಕಾರ ನನಗೆ ಪಗಾರ ಕೊಡುತ್ತದೆ.

ಇನ್ನೊಂದು. ಸಿಸ್ಟರನ್ನು ಮತ್ತೆ ಕೇಳಿದೆ. ಗುಳಿಗೆ ತಪ್ಪದಿದ್ದರೂ ಗಡ್ಡೆಯಾದರೆ ಮೈ ಗುಣಕ್ಕಿಂತ ಮೊದಲು ಊಟ ಕೇಳಬೇಕು ಎಂದರು. ಒಂದು ದಿನದ ಸೊಪ್ಪಿಗೆ ಹೀಗಾಗುವುದಿಲ್ಲವಂತೆ. ಮಾಮಾ, ಪಂದ್ಯ ಎಷ್ಟು ದಿನ ನಡೆಯಿತು? ತಿಂಗಳಿನ ರಕ್ತ ಪರೀಕ್ಷೆಗೆ ಹೋಗಿದ್ದೆಯಾ? ದುರ್ಗಪ್ಪನ ಹತ್ತಿರ ನೀನು ಖರೆ ಗೆದ್ದೆಯಾ? ನನಗಲ್ಲ, ಡಾಕ್ಟರಮ್ಮನಿಗೆ ಮೊದಲು ಹೇಳು. ಅವರಿಗೆ ತಿಳಿಯದಿದ್ದರೆ ಅವರು ಗುಳಿಗೆಯ ಅಳತೆ ಹೇಗೆ ಗೊತ್ತುಮಾಡಬೇಕು?

ಕಸ್ತೂರಿ


ಇಳಕಲ್ಲ
೧೭ ಮಾರ್ಚ್ ೨೦೨೫

ಮಗಳೇ,

ನಿನ್ನೆ ಫೋನಿನಲ್ಲಿ ನಾನು ಹೇಳಿದ್ದನ್ನು ನೀನು ಎರಡನೆಯ ಸಲಕ್ಕೇ ತಿಳಿದುಕೊಂಡೆ. ಫಾರೂಕ ಪಕ್ಕದಲ್ಲೇ ನಿಂತು ಐದು ಸಲ ಕೇಳಿದರೂ, “ಏನಂದ್ರಿ ಅವರು?” ಎಂದು ನಿನ್ನನ್ನೇ ಕೇಳಿದನಲ್ಲ, ಕತ್ತೆ. ಸರಕಾರ ನಿನಗೆ ಕೊಡುವ ಪಗಾರ ಮೋಸ ಹೋಗಿಲ್ಲ.

ಗೋಡೆಗೆ ಸುಣ್ಣ ಬಳಿದಾಯಿತು. ಎಡಗೈಯಿಂದ ಬಳಿದದ್ದರಿಂದ ಒಂದು ಗೋಡೆ ಸ್ವಲ್ಪ ಮೋಡ ಮೋಡವಾಗಿದೆ. ಸುಲಭಾ ಅಮ್ಮನವರಿಗೆ ಅದು ಚಿತ್ರಕಲೆ ಎಂದು ಹೇಳು.

ಬಾಗಲಕೋಟೆಗೆ ಹೋಗಿ ಡಾಕ್ಟರಮ್ಮನ ಮುಂದೆ ಎಲ್ಲ ಬರೆದು ತೋರಿಸಿದೆ. ಓದಿ ತಲೆ ಮೇಲೆ ಕೈ ಇಟ್ಟುಕೊಂಡಳು. “ಮೊದಲ ಹೇಳಿದ್ರ ನಿಮ್ಮ ಗಂಟ ಏನ ಹೋಗ್ತಿತ್ರಿ?” ಎಂದಳು. ಇನ್ನು ಹದಿನೈದು ದಿನಕ್ಕೊಮ್ಮೆ ರಕ್ತ ಪರೀಕ್ಷೆ. ದಿನಕ್ಕೆ ಒಂದು ಹಿಡಿ ಸೊಪ್ಪು, ಇವತ್ತು ಎಷ್ಟೋ ನಾಳೆಯೂ ಅಷ್ಟೇ. ಆ ಹಿಡಿ ಸೊಪ್ಪನ್ನು ದುರ್ಗಪ್ಪನೇ ದಿನಾ ತಂದು ಬಾಗಿಲಲ್ಲಿ ಇಟ್ಟುಹೋಗುತ್ತಾನೆ. ಒಳಗೆ ಬರುವುದಿಲ್ಲ. ಬಾ ಎಂದು ಕೂಗಲು ನನಗೆ ಆಗುವುದಿಲ್ಲ. ಇವತ್ತು ಹೋಗಿ ಅವನ ಗಾಡಿಯ ಕೀಲಿ ಕಿತ್ತುಕೊಂಡೆ, ಆಗ ಬಂದು ಕೂತ. ಬಹಳ ಹೊತ್ತು ಕೂತ. ಇಬ್ಬರೂ ಚಹಾ ಕುಡಿದೆವು. ಅವನಿಗೂ ಮಾತು ಬರಲಿಲ್ಲ.

“ನಮ್ಮ ಹುಡುಗಿ ಕೊಟ್ಟೇವಿ.” ಇದನ್ನು ದಿನಾ ಕನ್ನಡಿಯ ಮುಂದೆ ಕಲಿಯುತ್ತಿದ್ದೇನೆ. “ನಮ್ಮ” ಬಂದಿದೆ. “ಹುಡುಗಿ” ಸುಮಾರಾಗಿ ಬಂದಿದೆ. “ಕೊಟ್ಟೇವಿ” ಮಾತ್ರ ನಾಲಗೆಯ ಮೇಲೆ ಏಳುವುದಿಲ್ಲ. ಅದು ಕಾಯಿಲೆಯೋ ಮತ್ತೊಂದೋ ಗೊತ್ತಿಲ್ಲ. ಇನ್ನೂ ಆರು ದಿನ ಇದೆ.

ಇನ್ನು ನಿನ್ನ ಪ್ರಶ್ನೆ. ಫೋನಿನಲ್ಲೇ ಹೇಳಿಬಿಡಬೇಕೆಂದಿದ್ದೆ. ಆದರೆ ಆ ಲೆಕ್ಕ ನನ್ನ ಬಾಯಿಗೆ ಉದ್ದವಾಯಿತು, ಅದಕ್ಕೆ ಬರೆದು ತಿಳಿಸುತ್ತಿದ್ದೇನೆ. ಎಳ್ಳ ಅಮಾವಾಸ್ಯೆಯಂದು ನಾನು ಗೆದ್ದಿರಲಿಲ್ಲ. ಅವನು ಕೈ ತೊಳೆಯುವಾಗ ನಾನು ಇನ್ನೂ ಅರ್ಧ ಕಟ್ಟಿನಲ್ಲಿದ್ದೆ. ಹತ್ತು ರೂಪಾಯಿ ಕೊಟ್ಟೆ. ಐದು ನೂರು ಎಂದದ್ದು ನಿನಗೆ ಬರೆಯಲು. ಸೋತದ್ದನ್ನು ತಿರುಗಿ ಗೆಲ್ಲಬೇಕೆಂದು ಮರುದಿನ ಚಹಾದ ಅಂಗಡಿಯಲ್ಲಿ ಮತ್ತೆ ಕಟ್ಟಿದೆ, ಅದರ ಮರುದಿನ ಮತ್ತೆ. ರಕ್ತ ಪರೀಕ್ಷೆಗೆ ಹೋಗಬೇಕಿದ್ದ ದಿನವೂ ಅಲ್ಲೇ ಕೂತು ಸೊಪ್ಪು ತಿನ್ನುತ್ತಿದ್ದೆ. ಬಸಿ ಕೈಯಿಂದ ಜಾರಿದ ಆ ಮುಂಜಾನೆಯೂ ಎದುರಿಗೆ ಒಂದು ಕಟ್ಟು ಹಕ್ಕರಕಿ ಇತ್ತು. ಒಂದು ದಿನವೂ ಗೆಲ್ಲಲಿಲ್ಲ. ದಿನಕ್ಕೆ ಹತ್ತರಂತೆ ದುರ್ಗಪ್ಪನಿಗೆ ನಾನು ಸೋತದ್ದು ಒಟ್ಟು ಮುನ್ನೂರ ನಲವತ್ತು ರೂಪಾಯಿ.